ಜಾಗ ಸಾಲದು

ಒಂದೇ ಮದುವೆಯ ವಿಡಿಯೋ, ಮೂವತ್ತೆಂಟು ಪ್ರತಿ. ಒಂದೊಂದಕ್ಕೂ ಬೇರೆ ಹೆಸರು. ಲ್ಯಾಪ್‌ಟಾಪ್ ರಿಪೇರಿಯವನು ಕನ್ನಡಕವನ್ನು ಹಣೆಗೇರಿಸಿ, ಎದುರಿಗೆ ಕೂತಿದ್ದ ಅತ್ತೆ ಸೊಸೆಯರನ್ನು ನೋಡಿದ. ಇದು ವೈರಸ್ಸಿನ ಕೆಲಸವಲ್ಲ. ಯಾರೋ ಬೇಕೆಂದೇ ತುಂಬಿಸಿದ್ದಾರೆ.

"ನನ್ನ ಫೋಟೋ, ಹಾಡು ಎಲ್ಲಾ ಅಳಿಸಿಬಿಟ್ಟೆ ಅಣ್ಣಾ. ನೆಟ್ ಹಾಕೋ ಹೊತ್ತಿಗೆ ಮತ್ತೆ ಜಾಗ ಸಾಲದು ಅನ್ನುತ್ತೆ," ಎಂದಳು ಸೊಸೆ, ಕಂಕುಳಲ್ಲಿದ್ದ ಕೂಸನ್ನು ಇನ್ನೊಂದು ಮಗ್ಗುಲಿಗೆ ಬದಲಿಸುತ್ತಾ. "ಇವರು ಹಡಗಲ್ಲಿದ್ದಾರೆ. ಅಲ್ಲಿಂದ ಫೋನ್ ಸಿಗಲ್ಲ, ಮೇಲ್ ಒಂದೇ. ಅದು ಇವರ ಈ ಲ್ಯಾಪ್‌ಟಾಪಿಗೇ ಇಳೀಬೇಕು, ಪಾಸ್‌ವರ್ಡ್ ನನಗೆ ಗೊತ್ತಿಲ್ಲ. ಜಾಗ ಇಲ್ಲದೆ ಒಂಬತ್ತು ತಿಂಗಳಿಂದ ಒಂದೂ ಇಳಿದಿಲ್ಲ. ಮಗು ಹುಟ್ಟಿದ್ದಕ್ಕೆ ಏನಂದ್ರೋ ಏನೋ."

"ಮುದಿ ಮಿಷನ್ನು. ಅದಕ್ಯಾಕೆ ಇಷ್ಟು ಉಪಚಾರ," ಎಂದಳು ಅತ್ತೆ.

"ನೀವು ಕೆಲಸಕ್ಕೆ ಹೋಗ್ತೀರಾ ತಂಗಿ?"

"ಬೆಳಿಗ್ಗೆ ಹೊಲಿಗೆ ಕಾರ್ಖಾನೆಗೆ. ಮನೇಲಿ ಅತ್ತೆ ಒಬ್ಬರೇ."

ಪ್ರತಿಗಳೆಲ್ಲ ಹುಟ್ಟಿದ್ದು ಬೆಳಿಗ್ಗೆ ಹತ್ತು ಹನ್ನೊಂದರ ನಡುವೆ. ರಿಪೇರಿಯವನಿಗೆ ಅಷ್ಟು ಸಾಕಾಯಿತು. ಅವನ ಅಮ್ಮನೂ ಹಿಂದೆ ಅವನ ಹೆಂಡತಿಗೆ ಬಂದ ಕಾಗದಗಳನ್ನು ಹಾಸಿಗೆಯಡಿ ಬಚ್ಚಿಟ್ಟವಳೇ.

ಕೂಸು ರಂಪ ಮಾಡಿತು. ಸೊಸೆ ಸಮಾಧಾನಪಡಿಸಲು ಹೊರಗೆ ಹೋದಳು. ಅವನು ದನಿ ತಗ್ಗಿಸಿದ.

"ಅಮ್ಮಾ, ಇದನ್ನ ಯಾರು ತುಂಬಿಸ್ತಿದ್ದಾರೆ ಅಂತ ನನಗೆ ಗೊತ್ತಾಯ್ತು."

ಮುದುಕಿ ಬೆಚ್ಚಲಿಲ್ಲ. "ಗೊತ್ತಾಗಿದ್ರೆ ಸುಮ್ನಿರಪ್ಪ. ಎದೆಹಾಲು ಕುಡಿಸೋಳು."

"ಅವಳ ಮೇಲೆ ಅಷ್ಟು ಕರುಣೆ ಇದ್ದಿದ್ರೆ ಹೀಗೆ ಮಾಡ್ತಿದ್ರಾ?"

"ನಾನು ಕಲಿತದ್ದೇ ಇದೊಂದು, ಕಾಪಿ ಮಾಡೋದು. ನನ್ನ ಮಗನೇ ಹೇಳಿಕೊಟ್ಟಿದ್ದ."

ಅವನಿಗೆ ಮೈ ಉರಿಯಿತು. ಅಳಿಸಿ ಕೊಟ್ಟರೆ ಈಕೆ ನಾಳೆಯೇ ಮತ್ತೆ ಶುರುಮಾಡುತ್ತಾಳೆ. ಲ್ಯಾಪ್‌ಟಾಪನ್ನು ಬೋರಲು ಹಾಕಿ, ಪಕ್ಕದ ಡಿವಿಡಿ ಡ್ರೈವಿನ ಸ್ಕ್ರೂ ಬಿಚ್ಚತೊಡಗಿದ. ಅದರ ಜಾಗಕ್ಕೆ ಇನ್ನೊಂದು ಹಾರ್ಡ್ ಡಿಸ್ಕ್ ಕೂರಿಸಿದರಾಯಿತು.

ಮುದುಕಿ ಎದ್ದೇಬಿಟ್ಟಳು. "ಅದನ್ನ ಮುಟ್ಟಬೇಡ. ಅದು ಕೆಟ್ಟಿದೆ."

"ಕೆಟ್ಟಿದ್ರೆ ತೆಗೆಯೋದೇ ಒಳ್ಳೇದು."

ಡ್ರೈವನ್ನು ಹೊರಗೆಳೆದಾಗ ಒಳಗೇನೋ ಸರಕ್ಕೆಂದಿತು. ಯಾವುದೋ ಡಿವಿಡಿಯ ಚೀಟಿ ಕಿತ್ತುಬಂದಿರಬೇಕೆಂದುಕೊಂಡು ಡ್ರೈವನ್ನು ಹಾಗೇ ಗುಜರಿ ಡಬ್ಬಕ್ಕೆ ಎಸೆದ. ಹೊಸ ಡಿಸ್ಕನ್ನು ಚೌಕಟ್ಟಿಗೆ ಸೇರಿಸಿ ಆ ಗೂಡಿಗೆ ತಳ್ಳಿದ. ಪ್ರತಿಗಳನ್ನು ಅಳಿಸಿದ. ಇನ್ನು ಮೇಲ್ ಬಂದು ಬೀಳುವ ಜಾಗವನ್ನೂ ಹೊಸದಕ್ಕೇ ಬದಲಿಸಿದ.

"ಹಳೇದರ ಹನ್ನೆರಡರಷ್ಟಿದೆ. ಆಯಸ್ಸು ಪೂರ್ತಿ ಕೂತು ತುಂಬಿಸಿದ್ರೂ ಇದು ತುಂಬಲ್ಲ ಅಮ್ಮಾ."

ಮುದುಕಿ ತನ್ನ ಅಂಗೈಗಳನ್ನು ನೋಡಿಕೊಂಡಳು. "ಹಾಗಾದ್ರೆ ನನ್ನ ಕೈಲಿ ಇನ್ನೇನೂ ಇಲ್ಲ. ಆ ತೆಗೆದದ್ದನ್ನಾದ್ರೂ ಕೊಡಪ್ಪ."

"ಅದ್ಯಾಕೆ ಅತ್ತೆ, ಕಸ," ಎನ್ನುತ್ತಾ ಸೊಸೆ ಒಳಬಂದಳು.

"ಮನೆಗೆ ಹೋಗಿ ನೆಟ್ ಹಾಕಿ ತಂಗಿ," ಎಂದ ಅವನು, ಅತ್ತೆಗೆ ಕೇಳಲೆಂದೇ ಜೋರಾಗಿ. "ಒಂಬತ್ತು ತಿಂಗಳಿನದೂ ಒಟ್ಟಿಗೇ ಇಳಿಯುತ್ತೆ. ಓದೋಕೆ ರಾತ್ರಿಯೆಲ್ಲಾ ಬೇಕು ನಿಮಗೆ."

ಸೊಸೆಯ ಮುಖ ಅರಳಿತು. ಲ್ಯಾಪ್‌ಟಾಪನ್ನು ಎದೆಗವಚಿಕೊಂಡು, ಕೂಸನ್ನು ಅತ್ತೆಯ ಕೈಗಿತ್ತು, ಹೆಚ್ಚುಕಡಿಮೆ ಓಡಿದಳು. ಮುದುಕಿ ಗೋಡೆ ಹಿಡಿದು ಹಿಡಿದು, ಮನೆ ಬಾರದಿದ್ದರೇ ಚೆನ್ನ ಎನ್ನುವಂತೆ ಹಿಂದೆ ನಡೆದಳು.

ಒಳ್ಳೆಯ ಕೆಲಸ ಮಾಡಿದೆನೆಂಬ ಹುರುಪಿನಲ್ಲಿ ಅವನು ಗುಜರಿ ಡಬ್ಬದಿಂದ ಡ್ರೈವನ್ನು ಎತ್ತಿಕೊಂಡ. ಸಣ್ಣ ತೂತಿಗೆ ಪಿನ್ನು ಚುಚ್ಚಿದ. ಯಾವ ತೊಂದರೆಯೂ ಇಲ್ಲದೆ ತಟ್ಟೆ ಹೊರಬಂತು. ಡಿವಿಡಿ ಇರಬೇಕಾದಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ, ಮಡಿಕೆಗಳೆಲ್ಲ ಸವೆದು ಬಟ್ಟೆಯಂತಾಗಿತ್ತು.

ಹಡಗಿನ ಕಂಪನಿಯದು, ಆ ಮುದುಕಿಯ ಹೆಸರಿಗೆ, ಒಂಬತ್ತು ತಿಂಗಳ ಹಿಂದಿನದು: ಮುಳುಗಿದ ಹಡಗಿನಿಂದ ಯಾರೂ ಬದುಕಿ ಬಂದಿಲ್ಲ.