ತಳ ಕಾಣುವ ಕನ್ನಡಕ

“ಮೂಗಿನ ಮೇಲೆ ಸರಿಯಾಗಿ ಕೂರ್ಸಿ, ಸಾರ್. ಈಗ ನೀರು ನೋಡಿ,” ಎಂದ ಕನ್ನಡಕ ಮಾರುವವನು.

ರೆಸಾರ್ಟಿನ ಮಾಲೀಕರು ಕಪ್ಪು ಕನ್ನಡಕ ತೊಟ್ಟು ತಮ್ಮ ಕೊಳದತ್ತ ಬಗ್ಗಿದರು. ಮೀನು ಹಿಡಿಯುವ ಆಸೆಗೇ ಇಲ್ಲಿಗೆ ಜನ ಬರುತ್ತಿದ್ದುದು. ದಡದಲ್ಲಿ ಹನ್ನೊಂದು ಅತಿಥಿಗಳು ಬೆಳಗಿನಿಂದ ಗಾಳ ಹಿಡಿದು ಧ್ಯಾನಸ್ಥರಾಗಿದ್ದರು. ಪಕ್ಕದಲ್ಲೊಂದು ಫಲಕ: ‘ಹಿಡಿದ ಮೀನನ್ನು ದಯವಿಟ್ಟು ನೀರಿಗೇ ಬಿಡಿ.’ ಈ ನಿಯಮ ಮುರಿದವರು ಇದುವರೆಗೆ ಒಬ್ಬರೂ ಇಲ್ಲ.

“ಪೋಲರೈಸ್ಡ್ ಗಾಜು ಸಾರ್. ನೀರಿನ ಮೇಲಿನ ಬಿಸಿಲು ಕಣ್ಣಿಗೆ ಹೊಡೆಯಲ್ಲ, ತಳದವರೆಗೂ ಕಾಣುತ್ತೆ. ನಿಮ್ಮ ಕಣ್ಣಿನ ನಂಬರಿಗೇ ಮಾಡಿಸಿದ್ದೀನಿ. ಅತಿಥಿಗಳಿಗೂ ಇಪ್ಪತ್ತು ತಗೊಳ್ಳಿ, ಮೀನು ನೋಡ್ಕೊಂಡೇ ಗಾಳ ಹಾಕ್ತಾರೆ. ಏನು ಕಾಣ್ತು?”

“ಕೆಸರು. ಎರಡು ಬಿಯರ್ ಬಾಟ್ಲಿ. ಒಂದು ಚಪ್ಪಲಿ.”

“ಮೀನು?”

“ಇಲ್ಲ.”

ಮಾರುವವನ ಮುಖ ಸಪ್ಪಗಾಯಿತು. “ಛೆ, ನಂಬರು ತಪ್ಪಿರ್ಬೇಕು. ನಾಳೇನೇ ಬೇರೆ ಗಾಜು ಹಾಕಿಸ್ಕೊಡ್ತೀನಿ ಸಾರ್, ಪುಕ್ಕಟೆ.”

ಅಷ್ಟರಲ್ಲಿ ದಡದಿಂದ ಒಬ್ಬ ಅತಿಥಿ ಕೂಗಿದ: “ಏನೋ ಕಚ್ಚಿದ ಹಾಗಾಯ್ತು!”

“ಬಿಡ್ಬೇಡಿ, ದೊಡ್ಡದೇ ಇರ್ಬೇಕು!” ಎಂದು ಮಾಲೀಕರು ಕೈಯೆತ್ತಿ ಹುರಿದುಂಬಿಸಿದರು. ಆಮೇಲೆ ಕನ್ನಡಕ ಕಳಚಿ ಮಾರುವವನ ಕೈಗಿಟ್ಟು ದನಿ ತಗ್ಗಿಸಿದರು.

“ಬೇಡಯ್ಯ. ಗಾಜು ಸರಿಯಾಗೇ ಇದೆ.”