ಅವ್ವ ಬಂದಾಳ

ಬೇವಿನ ಟೊಂಗೆ ಮುರಿದ ಹಸಿ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಕಣ್ಣು ಬಾಗಿಲಿನ ಕಡೆಗೇ ಹೋಗುತ್ತದೆ.

ನರೋಣಾದ ನಮ್ಮ ಶಾಲೆಯಲ್ಲಿ ದಡಾರದ ಸೂಜಿ ಮಾಡಿ ಎಂಟು ದಿನವಾಗಿತ್ತು. "ಸಣ್ಣ ಜ್ವರ, ಕೆಂಪು ಗುಳ್ಳಿ ಬಂದ್ರ ಅಂಜಬ್ಯಾಡ್ರಿ, ಎರಡ್ ಮೂರ್ ದಿನಕ್ಕ ಹೋಗ್ತಾವ. ಮನ್ಯಾಗ ಹೇಳ್ರಿ" ಎಂದು ನರ್ಸಬಾಯಿ ಅಂದಿದ್ದರು. ನಾನು ಹೇಳಲು ಮರೆತಿದ್ದೆ. ಅವ್ವ ಅಪ್ಪನ ಜೋಡಿ ಪುಣೆಗೆ ದುಡಿಯಲು ಹೋಗಿ ತಿಂಗಳುಗಳಾಗಿದ್ದವು. ಮನೆಯಲ್ಲಿ ಇದ್ದದ್ದು ನಾನು ಮತ್ತು ಅಪ್ಪನ ತಾಯಿ, ನನ್ನ ಆಯಿ.

ಆ ಮಧ್ಯಾಹ್ನ ಜ್ವರ ಬಂದು ಕೌದಿ ಹೊದ್ದು ಮಲಗಿದ್ದೆ. ಆಯಿ ನನ್ನ ಅಂಗಿ ಎತ್ತಿ ಬೆನ್ನು ನೋಡಿದಳು, ಎದ್ದು ಹೊರಗೆ ಹೋದಳು. ನನಗೆ ಕಣ್ಣು ಹತ್ತಿತು. ಬಾಗಿಲಲ್ಲಿ ಅವಳು ನೆರೆಮನೆಯವಳಿಗೆ ಹೇಳುವುದು ಕೇಳಿಯೇ ಎಚ್ಚರವಾಯಿತು.

"ಒಳಗ ಬರಬ್ಯಾಡ ಬೇ. ಅವ್ವ ಬಂದಾಳ."

ಕೌದಿ ಒದ್ದು ಓಡಿದೆ. ಹೊಸ್ತಿಲ ಹತ್ತಿರ ಅವ್ವನ ಚಪ್ಪಲಿ ಇರಲಿಲ್ಲ, ಚೀಲ ಇರಲಿಲ್ಲ. ಆಯಿ ತುದಿಗಾಲ ಮೇಲೆ ನಿಂತು ಚೌಕಟ್ಟಿಗೆ ಬೇವು ಕಟ್ಟುತ್ತಿದ್ದಳು.

"ಎಲ್ಲಿ ಅದಾಳ?" ಎಂದೆ.

"ನಿನ್ನ ಮೈಮ್ಯಾಗ ಅದಾಳಲ್ಲ, ನನ್ನವ್ವ" ಎಂದು ಆಯಿ ದೇವಿಗೆ ಮುಗಿದಂತೆ ನನಗೇ ಕೈಮುಗಿದಳು.

ಆಗ ನರ್ಸಬಾಯಿಯ ಮಾತು ನೆನಪಾಯಿತು. ಇವು ಸೂಜಿಯ ಗುಳ್ಳೆ ಎಂದಿದ್ದರೆ ಆಯಿ ಬೇವು ಬಿಚ್ಚಿಬಿಡುತ್ತಿದ್ದಳು. ನಾನು ಹೇಳಲಿಲ್ಲ. ಮೂರನೆಯ ದಿನ ಗುಳ್ಳೆಗಳು ಮಾಸತೊಡಗಿದವು. ತೋಳಿನ ಮೇಲೆ ಉಳಿದಿದ್ದ ಎರಡನ್ನು, ಅವೂ ಹೋಗಿಬಿಡದಂತೆ, ಅಂಗೈಯಿಂದ ಮುಚ್ಚಿ ಹಿಡಿದುಕೊಂಡು ಮಲಗಿದೆ.