ಅವ್ವ ಬಿಡಿಸಿದ ಇಂಗ್ಲಿಷ್

ಹೊಸ ಸೀರೆಯ ಗಂಜಿ ವಾಸನೆ ಮೂಗಿಗೆ ಬಡಿದಾಗಲೆಲ್ಲ ಬೆಟಗೇರಿಯ ನಮ್ಮ ಮನೆಯ ಆ ಮಧ್ಯಾಹ್ನ ಕಣ್ಣೆದುರು ಬರುತ್ತದೆ.

ಅಂದು ಇಂಗ್ಲಿಷ್ ತಾಸಿನಲ್ಲಿ ನಾನು 'ಐ ಕಮ್ ಬಸ್ ಬೈ' ಎಂದಿದ್ದೆ. ಇಡೀ ವರ್ಗ ಗೊಳ್ಳೆಂದು ನಕ್ಕಿತ್ತು. ಮನೆಗೆ ಬಂದವಳೇ ಪಾಟಿಚೀಲ ಎಸೆದು, "ನಾ ಇನ್ನ ಸಾಲಿಗೆ ಹೋಗಂಗಿಲ್ಲ" ಎಂದು ಅಳತೊಡಗಿದೆ.

ಸೀರೆ ನೇಯುತ್ತಿದ್ದ ಅವ್ವ ಮಗ್ಗ ನಿಲ್ಲಿಸಿದಳು. ಸಹಿಯೊಂದನ್ನು ಬಿಟ್ಟರೆ ಆಕೆಗೆ ಬೇರೆ ಬರಹ ಗೊತ್ತಿರಲಿಲ್ಲ.

"ಮತ್ತ ಹೆಂಗ ಅನಬೇಕಂತ?"

"ಬೈ ಬಸ್ ಅನಬೇಕಂತ. ಬೈ ಅಂದ್ರ 'ಇಂದ'. ಬಸ್ಸಿನಿಂದ ಅಂದ್ರ ಬಸ್ ಬೈ ಅಲ್ಲೇನವ್ವ?"

ಅವ್ವ ನೂಲಿನ ಲಾಳಿಯನ್ನು ಕೈಯಲ್ಲಿ ಹಿಡಿದುಕೊಂಡೇ ಯೋಚಿಸಿದಳು.

"ನಿಂದೇನೂ ತಪ್ಪಿಲ್ಲ ತಗೋ. ನಾವು 'ಇಂದ' ಬಾಲಕ್ಕ ಕಟ್ಟತೇವಿ, ಅವರು ತಲಿಗೆ ಕಟ್ಟತಾರ. ಅಷ್ಟ ಫರಕ. ನಡಕೊಂತ ಬಂದ್ರ ಏನಂತಾರ?"

"ಆನ್ ಫುಟ್. ಕಾಲ ಮ್ಯಾಲೆ."

"ಖರೇನ ಐತಲ್ಲ! ಕಾಲ ಮ್ಯಾಲೆನ ನಡಿಯೂದು," ಎಂದು ಅವ್ವ ನಕ್ಕಳು. ಅಳು ಮರೆತು ನಾನೂ ನಕ್ಕೆ.

ಮರುದಿನ ವರ್ಗದಲ್ಲಿ ನಾನೇ ಎದ್ದು ನಿಂತು ಎರಡನ್ನೂ ಸರಿಯಾಗಿ ಹೇಳಿದೆ, ಅವ್ವ ಹೇಳಿದ ಫರಕನ್ನೂ ಹೇಳಿದೆ. ಇಂಗ್ಲಿಷ್ ಕಲಿಸುವ ಅಕ್ಕೋರು ಸುಣ್ಣದ ಕಡ್ಡಿ ಕೆಳಗಿಟ್ಟರು.

"ಯಾರ ಹೇಳಿಕೊಟ್ಟರು?"

"ನಮ್ಮವ್ವರಿ."

"ನಿಮ್ಮವ್ವ ಎಷ್ಟ ಕಲ್ತಾರ?"

"ಸಹಿ ಮಾಡೂದಷ್ಟ ಕಲ್ತಾಳರಿ," ಎಂದೆ.